ಮೇಟ್ರನ್ ಬೀರು

14-8-2003, ಗುರುವಾರ, ತುಮಕೂರು

ಬೈಗುಳ ತಿಂದು ಸಾಕಾಗಿ ರಾಜೀನಾಮೆ ಕೊಟ್ಟರೂ ಈ ನರ್ಸಿಂಗ್ ಹೋಮಿನಲ್ಲಿ ಇನ್ನೊಂದು ತಿಂಗಳು ದುಡಿಯಲೇಬೇಕಂತೆ. ಸೇರುವಾಗ ಇಸಿದುಕೊಂಡ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು ಅಲ್ಲಿಯವರೆಗೆ ಮೇಟ್ರನ್ ಬೀರುವಿನಲ್ಲೇ ಇರುತ್ತದೆ. ಅದಕ್ಕೇ ಏನಂದರೂ ಹಲ್ಲು ಕಿರಿದುಕೊಂಡು ಓಡಾಡುತ್ತಿದ್ದೇನೆ.

ಇವತ್ತು ನನ್ನ ಜಾಗಕ್ಕೆ ಚೇಳೂರಿನ ದಾಕ್ಷಾಯಣಿ ಎಂಬ ಹುಡುಗಿ ಅಪ್ಪನ ಜೊತೆ ಬಂದಳು. ‘ಯೆಂಗವ್ವಾ ಇಲ್ಲಿ? ಹೆಣ್ಮಕ್ಳನ್ನ ಚೆನ್ನಾಗ್ ನೋಡ್ಕೋತಾರಾ?’ ಎಂದು ಅವರು ನನ್ನನ್ನೇ ಕೇಳಿದರು. ಮೇಟ್ರನ್ ಪಕ್ಕದಲ್ಲೇ ನಿಂತಿದ್ದರು.

‘ಏನೂ ತೊಂದ್ರೆ ಇಲ್ಲ ಯಜಮಾನ್ರೇ’ ಎಂದೆ. ಥೂ, ನನ್ನ ಬಾಯಿಗಿಷ್ಟು.

ಆಮೇಲೆ ಅವರು ಮಗಳ ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ಮೆಲ್ಲಗೆ ತೆಗೆದು ಕೊಟ್ಟರು. ‘ಒಳಗಿಡಮ್ಮ’ ಎಂದು ಮೇಟ್ರನ್ ನನ್ನ ಕೈಗೆ ಬೀಗದ ಕೈ ಕೊಟ್ಟರು. ನನ್ನದರ ಮೇಲೆ ಅವಳದನ್ನಿಟ್ಟು, ನಾನೇ ಬೀಗ ಹಾಕಿ ಬಂದೆ.