ಸಾಣಾಪುರದ ಗುಡ್ಡದಲ್ಲಿ ನೀನಿರಲಿಲ್ಲ, ಮಾಮಾ

ನನ್ನ ಮಾಮಾ,

"ಪುರಾಣ ಸಾಕು, ಎಷ್ಟನೇ ನಂಬರ್ ಬಂದಿ ಹೇಳವಾ" ಅಂತ ನೀನು ಈಗಲೇ ಬಾಯಿ ಹಾಕುತ್ತೀ ಅಂತ ಗೊತ್ತು. ಹೇಳುವುದಿಲ್ಲ. ಬದುಕಿದ್ದಾಗ ಒಂದು ದಿನವೂ ನನ್ನ ಮಾತು ಪೂರ್ತಿ ಕೇಳಿದವನಲ್ಲ, ಈಗಲಾದರೂ ಕೇಳು. ಸಾಣಾಪುರದ ಗುಡ್ಡದ ರೇಸಿಗೆ ಹೋಗಿದ್ದೆ. "ಕಲ್ಲಾಗ ಸೈಕಲ್ ಹೊಡಿಯೂದು ಮಂಗ್ಯಾನ ಕೆಲಸ" ಅನ್ನುತ್ತಿದ್ದೆಯಲ್ಲ, ಅದೇ.

ಶ್ರೀರಾಮನಗರದಿಂದ ಕಾರಟಗಿ ಕಡೆಗೆ ನಾವು ಹೊಡೆಯುತ್ತಿದ್ದ ಆ ಬೆಳಗುಗಳು ನೆನಪಿವೆಯಾ? ಮುಂದೆ ನಿನ್ನ ಬೈಕು, ಹಿಂದಿನ ಸೀಟಿಗೆ ಅಡ್ಡ ಕಟ್ಟಿದ ತೌಡಿನ ಚೀಲ, ಅದರ ಮರೆಯಲ್ಲಿ ನನ್ನ ಸೈಕಲ್. ಎದುರು ಗಾಳಿಯನ್ನೆಲ್ಲ ನೀನು ತಡೆಯುತ್ತಿದ್ದೆ. ನನ್ನ ಮುಖ ಕನ್ನಡಿಯಲ್ಲಿ ಸ್ವಲ್ಪ ಬಾಡಿದಂತೆ ಕಂಡರೂ ಸಾಕು, ಬೈಕು ನಿಧಾನವಾಗುತ್ತಿತ್ತು. ಅಷ್ಟು ಮುದ್ದು ಮಾಡಬಾರದಿತ್ತು ಮಾಮಾ.

ಹೋದ ವರ್ಷ ಒಂದು ರಾತ್ರಿ ಉಂಡು ಮಲಗಿದವನು ನೀನು ಬೆಳಿಗ್ಗೆ ಏಳಲೇ ಇಲ್ಲ. ಆಮೇಲೆ ಎರಡು ರೋಡ್ ರೇಸಿಗೆ ಹೋದೆ, ಎರಡರಲ್ಲೂ ಅರ್ಧಕ್ಕೇ ಇಳಿದೆ. ಕಾಲು ಸೋತಿರಲಿಲ್ಲ. ಎದುರು ಗಾಳಿ ಶುರುವಾದಾಗ ತಲೆ ಎತ್ತಿ ನೋಡಿದರೆ ಮುಂದೆ ನೀನಿಲ್ಲ. ಅಷ್ಟೇ, ಬ್ರೇಕ್ ಹಿಡಿದುಬಿಟ್ಟೆ. ಊರಲ್ಲಿ ಮಾತಾಡಿಕೊಂಡರು, "ಆಕಿ ಇಂಜಿನ್ ಆಕಿ ಮಾಮಾ ಆಗಿದ್ದ. ಇಂಜಿನ್ ಹೋತು, ಗಾಡಿ ನಿಂತು." ಮೈಯೆಲ್ಲ ಉರಿಯಿತು. ಅದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿತ್ತೇ? ಅದಕ್ಕೇ ಯಾವ ಬೈಕೂ ಹತ್ತಲಾರದ ಗುಡ್ಡವನ್ನು ಹುಡುಕಿಕೊಂಡು ಹೋದೆ. ಇಲ್ಲೂ ಅರ್ಧಕ್ಕೆ ಇಳಿದರೆ ಸೈಕಲ್ಲಿಗೆ ಕೈಮುಗಿದುಬಿಡುತ್ತೇನೆ ಎಂದು ಅತ್ತೆಗೆ ಹೇಳಿಯೇ ಹೊರಟಿದ್ದೆ.

ಗುಡ್ಡದ ಸೈಕಲ್ಲನ್ನು ಗಂಗಾವತಿಯ ಗೆಳತಿಯೊಬ್ಬಳಿಂದ ತಂದೆ. ತಂದವಳೇ ರೂಢಿಯಂತೆ ಟೈರು ಕಲ್ಲಾಗುವ ಹಾಗೆ ಗಾಳಿ ಹೊಡೆದೆ. ನಗಬೇಡ, ಕಲಿಸಿದವನು ನೀನೇ. ಮೊದಲ ಬಂಡೆಯ ಮೇಲೇ ಸೈಕಲ್ಲು ಕಾದ ಹಂಚಿನ ಮೇಲಿನ ಜೋಳದಂತೆ ಪುಟಿಯಿತು. ಎರಡನೆಯ ಬಂಡೆ ದಾಟುವಷ್ಟರಲ್ಲಿ ನಾನು ಜಾಲಿಮುಳ್ಳಿನ ಕಂಟಿಯೊಳಗೆ ಬಿದ್ದಿದ್ದೆ. ಮೊಣಕೈ ಚರ್ಮ ಕಿತ್ತು ರಕ್ತ. ನನ್ನ ಹಿಂದಿದ್ದವರೆಲ್ಲ ಪಕ್ಕದಿಂದಲೇ ಹತ್ತಿ ಹೋದರು. ರೋಡಿನಲ್ಲಿ ಇವರಲ್ಲಿ ಒಬ್ಬಳೂ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ!

ಅಲ್ಲೇ ಕಲ್ಲಿನ ಮೇಲೆ ಕೂತು ಅಳುತ್ತಿದ್ದಾಗ ಮೇಕೆ ಮೇಯಿಸುವ ಮುದುಕಿಯೊಬ್ಬಳು ಬಂದು ನೋಡಿದಳು. "ಯಾಕವಾ, ಸೈಕಲ್ ನಿನ್ನ ಕೆಡವಿತೋ, ನೀ ಸೈಕಲ್ ಕೆಡವಿದಿಯೋ?"

"ಇಬ್ಬರೂ ಬಿದ್ದೇವಿ ಯಮ್ಮಾ."

"ಮನಿಗಿ ಹೋಗೂದಾದ್ರ ಈ ಕಡೆ ದಾರಿ ಐತಿ ನೋಡು. ಸೀದಾ ರೋಡಿಗೆ ಹೋಗ್ತೈತಿ."

ನೋಡಿದೆ ಮಾಮಾ. ಛಲೋ ದಾರಿ. ಕೆಳಗೆ ಡಾಂಬರು ರಸ್ತೆ ಕಾಣುತ್ತಿತ್ತು. ಇನ್ನೊಂದು ಕಡೆ ಬರೀ ಬಂಡೆ, ಮುಂದೆ ಯಾರೂ ಇಲ್ಲ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದೆ. ಮುದುಕಿ ಕಾದು ಕಾದು ಸಾಕಾಗಿ, "ಏನರ ಒಂದು ಮಾಡವಾ, ನನ್ನ ಮೇಕಿ ಹೆದರಾಕತ್ತಾವು" ಎಂದಳು. ನಗು ಬಂದುಬಿಟ್ಟಿತು. ಎದ್ದು, ಬಂಡೆಯ ಮೇಲೆ ಪುಟಿಯದಂತೆ ಟೈರು ಮೆತ್ತಗಾಗುವಷ್ಟು ಗಾಳಿ ಬಿಟ್ಟೆ. ಸೈಕಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಬಂಡೆ ಹತ್ತಿದೆ. ಸೈಕಲ್ ಹೊತ್ತು ನಡೆಯುವುದು ರೇಸೇ ಅಂತ ನೀನು ಕೇಳಬಹುದು. ಅಲ್ಲಿ ಅದೂ ರೇಸೇ.

ಇಳಿಜಾರಿನಲ್ಲಿ ಜೀವ ಬಾಯಿಗೆ ಬಂದಿತ್ತು. ನೆನಪಾದ ದೇವರ ಹೆಸರನ್ನೆಲ್ಲ ಕೂಗಿದೆ. ಇನ್ನೂ ಎರಡು ಸಲ ಬಿದ್ದೆ, ಎದ್ದೆ. ಗುಡ್ಡ ಮುಗಿದದ್ದೇ ತಡ, ಗದ್ದೆಗಳ ನಡುವೆ ಮೈಲುಗಟ್ಟಲೆ ಕಾಲುವೆ ದಾರಿ! ಸಪಾಟು, ನೇರ, ಎದೆಗೆ ಹೊಡೆಯುವ ಎದುರು ಗಾಳಿ. ಗುಡ್ಡದ ಹುಲಿಗಳೆಲ್ಲ ಅಲ್ಲಿ ಬೆಕ್ಕಾಗಿದ್ದರು. ತಲೆ ಬಗ್ಗಿಸಿ ಹೊಡೆದೆ ನೋಡು, ಒಬ್ಬೊಬ್ಬರನ್ನೇ ಹಿಂದೆ ಹಾಕಿದೆ. ಮೂರನೇ ನಂಬರ್! ಈಗ ಸಮಾಧಾನವಾಯಿತೇ?

ಅತ್ತೆ ಜನರನ್ನು ನೂಕಿಕೊಂಡು ಓಡಿ ಬಂದು ತಬ್ಬಿಕೊಂಡಳು. "ನಿಮ್ಮ ಮಾಮಾ ಮುಂದ ಇದ್ದಂಗ ಹೊಡದಿ ನೋಡು!" ಎಂದಳು. ಆಗ ಹೊಳೆಯಿತು. ಆ ಕಾಲುವೆ ದಾರಿಯುದ್ದಕ್ಕೂ ನಿನ್ನ ನೆನಪು ಒಂದು ಸಲವೂ ಬಂದಿರಲಿಲ್ಲ ಮಾಮಾ. ತಲೆ ಎತ್ತಿ ಹುಡುಕಿರಲೇ ಇಲ್ಲ. ಅತ್ತೆಗೆ ಹೇಗೆ ಹೇಳುವುದು? ಅವಳ ಹೆಗಲ ಮೇಲೆ ಮುಖ ಇಟ್ಟು ಅಳುತ್ತಲೇ ನಕ್ಕೆ. ನಿನಗೆ ಬೇಜಾರಾಯಿತೇ? ಆಗಿರಲಿಕ್ಕಿಲ್ಲ. ನೀನೂ ಒಂದಲ್ಲ ಒಂದು ದಿನ ಬೈಕನ್ನು ಪಕ್ಕಕ್ಕೆ ತೆಗೆದು ನನ್ನನ್ನು ಮುಂದೆ ಬಿಡುತ್ತಿದ್ದೆ, ಅಲ್ಲವೇ?

ಇನ್ನೊಂದು ಸುದ್ದಿ. ಕೊಪ್ಪಳದಿಂದ ಹೊರಟು ಕುಷ್ಟಗಿ, ಯಲಬುರ್ಗಾ ಸುತ್ತಿ ಬರುವ ರೋಡ್ ರೇಸು ಬರುವ ತಿಂಗಳು ಇದೆ. ನೀನು ಹೋದ ಮೇಲೆ ನಾನು ಮೊದಲ ಸಲ ಬ್ರೇಕ್ ಹಿಡಿದು ಇಳಿದದ್ದು ಅದೇ ರಸ್ತೆಯಲ್ಲಿ, ಯಲಬುರ್ಗಾದ ಆಚೆಯ ಬಯಲಿನಲ್ಲಿ. ನಿನ್ನೆ ಹೋಗಿ ಹೆಸರು ಕೊಟ್ಟು ಬಂದೆ. ಅಲ್ಲಿ ಮರವಿಲ್ಲ, ಮರೆಯಿಲ್ಲ, ಗಾಳಿ ಹುಚ್ಚು ಹಿಡಿದಂತೆ ಬೀಸುತ್ತದೆ. ಬೀಸಲಿ, ನಾನು ನೋಡಿಕೊಳ್ಳುತ್ತೇನೆ.

ನಿನ್ನ ಸೋದರಸೊಸೆ,
ಶಾಂತಾ