ಕೊಕ್ಕರೆಗಳ ಪರವಾಗಿ ಎರಡು ಮಾತು

ಫಾರ್ಮರ್ಸ್ ಬ್ರಾಂಚ್
ಭಾನುವಾರ, ೫ ಮಾರ್ಚ್ ೨೦೧೭

ಭಾನುಮತಿಗೆ,

‘ಪ್ರಿಯ’ ಎಂದು ಬರೆಯುವ ಅಧಿಕಾರ ನನಗಿನ್ನೂ ಉಳಿದಿದೆಯೋ ಇಲ್ಲವೋ ತಿಳಿಯದ ಕಾರಣ ಬರಿಯ ಹೆಸರಿನಿಂದಲೇ ಆರಂಭಿಸಿದ್ದೇನೆ. ಫೋನ್ ಮಾಡಬಹುದಾಗಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡುವುದಿಲ್ಲ, ವಾದಿಸುತ್ತೇನೆ ಎಂದು ನೀನೇ ಹೇಳಿದ್ದೀಯೆ. ಕಾಗದವಾದರೆ ನಿನಗೆ ಬೇಕಾದಲ್ಲಿ ನಿಲ್ಲಿಸಿ, ಮಡಿಚಿಟ್ಟು, ಮರುದಿನ ಮುಂದುವರಿಸಬಹುದು. ಮದುವೆಯಾದಂದಿನಿಂದ ನಿನಗೆ ಆ ಸೌಕರ್ಯವನ್ನು ನಾನು ಒದಗಿಸಿದ ನೆನಪಿಲ್ಲ.

ವಿಷಯ ಇಷ್ಟು. ನಮ್ಮ ಮಗಳು ಮೃಣಾಲಿನಿ ಮೆಚ್ಚಿಕೊಂಡಿದ್ದ ಬ್ಯಾಸ್ಕೆಟ್‌ಬಾಲ್ ತಂಡ ಆಸ್ಟಿನ್ ನಗರವನ್ನು ಬಿಡುವ ಸೂಚನೆಯಿದೆ. ಅದೇ, ನೀನು ‘ಕೊಕ್ಕರೆ ಕಾಲಿನ ಹುಡುಗಿಯರು’ ಎಂದು ನಗುತ್ತಿದ್ದ ಆಸ್ಟಿನ್ ಹೆರನ್ಸ್ ತಂಡ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಕ್ರೀಡಾಂಗಣದ ಒಪ್ಪಂದ ಈ ಬೇಸಿಗೆಗೆ ಮುಗಿಯುತ್ತದೆ. ಮಾಲೀಕನಿಗೆ ಇನ್ನೂ ದೊಡ್ಡ ಕ್ರೀಡಾಂಗಣ ಬೇಕು. ಆಸ್ಟಿನ್ನಿನವರು ಹಿಂದೆ ಮುಂದೆ ನೋಡುತ್ತಿದ್ದಾರೆ. ಈ ನಡುವೆ ಡಲ್ಲಾಸಿನವರು ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆದಿದ್ದಾರೆ. ಬರುವ ಹದಿನೆಂಟರ ಶನಿವಾರ ಬೆಳಿಗ್ಗೆ ಸೀಡರ್ ಪಾರ್ಕಿನಲ್ಲಿ ಸಾರ್ವಜನಿಕ ಸಭೆ ಇದೆ. ತಂಡ ಉಳಿಯಬೇಕೆನ್ನುವವರೂ ಹೋಗಲಿ ಎನ್ನುವವರೂ ಎದ್ದು ನಿಂತು ತಲಾ ಮೂರು ನಿಮಿಷ ಮಾತಾಡಬಹುದು. ಅದೇ ಸಂಜೆ ಈ ಋತುವಿನ ಕೊನೆಯ ಆಟ. ತಂಡ ಹೋಗುವುದೇ ಆದರೆ ಆ ಅಂಗಣದಲ್ಲಿ ಅದೇ ಕಟ್ಟಕಡೆಯ ಆಟ.

ಆ ಸಭೆಯಲ್ಲಿ ‘ಉಳಿಯಬೇಕು’ ಎನ್ನುವವರ ಪರವಾಗಿ ಮೊದಲು ಮಾತಾಡುವವನು ನಾನು. ಇದು ನನಗೆ ತಿಳಿದದ್ದು ಎಲ್ಲರಿಗೂ ತಿಳಿದ ಮೇಲೆ.

ನೀನು ಹುಬ್ಬೇರಿಸುವುದು ಕಾಣುತ್ತಿದೆ. ಚೆಂಡನ್ನು ಬುಟ್ಟಿಗೆ ಹಾಕುವುದಕ್ಕೆ ಇಷ್ಟು ಜನ ಯಾಕೆ ಓಡಬೇಕು ಎಂದು ಅವಳನ್ನು ಕೆಣಕುತ್ತಿದ್ದವನು ನಾನೇ. ಆದ್ದರಿಂದ ನಿನಗೆ ಇದುವರೆಗೆ ತಿಳಿಸದಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಅವಳು ಇಡೀ ಋತುವಿಗೆಂದು ಹಿಡಿದಿಡುತ್ತಿದ್ದ ಎರಡು ಸೀಟುಗಳನ್ನು ನಾನು ಬಿಟ್ಟುಕೊಟ್ಟಿಲ್ಲ. ಅವಳ ಅಪಾರ್ಟ್‌ಮೆಂಟ್ ಖಾಲಿ ಮಾಡಿದ ವಾರ, ಸೀಟುಗಳನ್ನು ರದ್ದು ಮಾಡಿಸೋಣವೆಂದೇ ಕ್ರೀಡಾಂಗಣಕ್ಕೆ ಹೋದೆ. ಅಂದು ಆಟವಿತ್ತು. ಕಾಲು ನೋಯುತ್ತಿತ್ತು, ಒಳಗೆ ಹೋಗಿ ಕುಳಿತೆ. ಆಮೇಲೆ ಸೀಡರ್ ಪಾರ್ಕಿನಲ್ಲಿ ನಡೆಯುವ ಪ್ರತಿ ಆಟಕ್ಕೂ ಇಲ್ಲಿಂದ ಮೂರು ತಾಸು ಡ್ರೈವ್ ಮಾಡಿ ಹೋಗುತ್ತಿದ್ದೇನೆ. ಒಂದರಲ್ಲಿ ನಾನು ಕೂರುತ್ತೇನೆ, ಇನ್ನೊಂದು ಅವಳದು.

ಆ ಸಾಲಿನವರ ವಿಚಾರ ಹೇಳದಿದ್ದರೆ ನಿನಗೆ ಮುಂದಿನದು ಅರ್ಥವಾಗದು. ಪಕ್ಕದಲ್ಲಿ ಡೊಲೋರೆಸ್ ಎಂಬ ಮುದುಕಿ, ನಿವೃತ್ತ ಶಾಲಾ ಬಸ್ ಚಾಲಕಿ. ರೆಫರಿಯನ್ನು ಬೈಯುವುದರಲ್ಲಿ ನಿನ್ನ ದೊಡ್ಡಮ್ಮನನ್ನು ಮೀರಿಸುತ್ತಾಳೆ. ಆಚೆಗೆ ಚಿಪ್ ಕಾರ್ಖಾನೆಯಲ್ಲಿ ದುಡಿಯುವ ಅಣ್ಣತಮ್ಮಂದಿರು. ಹಿಂದಿನ ಸಾಲಿನಲ್ಲಿ ನಮ್ಮ ಹುಡುಗಿಯ ಗೆಳತಿ ಸುಚೇತಾ. ನಮ್ಮವರೇ, ಧಾರವಾಡದ ಕಡೆಯವರು; ಆದರೆ ಹುಡುಗಿ ಆಸ್ಟಿನ್ನಿನಲ್ಲೇ ಹುಟ್ಟಿದ್ದು. ಕನ್ನಡ ಕಿವಿಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಇವರ್‍ಯಾರಿಗೂ ನಮ್ಮ ಮಗಳ ಹೆಸರನ್ನು ಪೂರ್ತಿ ಹೇಳಲಾಗದು. ಅವರಿಗೆ ಅವಳು ಮಿನ್ನಿ.

ಮೊದಲ ದಿನ ನಾನು ತಲೆ ತಗ್ಗಿಸಿ ಕುಳಿತಿದ್ದೆ. ನಮ್ಮ ತಂಡದ ಹುಡುಗಿಯೊಬ್ಬಳು ದೂರದಿಂದ ಚೆಂಡೆತ್ತಿ ಗುರಿ ಹಿಡಿದಳು. ತಕ್ಷಣ ಆ ಇಡೀ ಸಾಲು ಎದ್ದು ನಿಂತು ಒಂದೇ ಕಂಠದಲ್ಲಿ ‘ಹಾಕೂ!’ ಎಂದು ಕೂಗಿತು. ನಾನು ಬೆಚ್ಚಿಬಿದ್ದೆ. ಡೊಲೋರೆಸಳ ಬಾಯಲ್ಲಿ, ಆ ಟೆಕ್ಸಸ್ ಎಳೆತದಲ್ಲಿ, ‘ಹ್ಯಾಕೂ’. ‘ನಿಮ್ಮ ಮಗಳು ಕಲಿಸಿದ್ದು, ಅದೃಷ್ಟದ ಮಂತ್ರವಂತೆ’ ಎಂದಳು ಆಕೆ. ಮಂತ್ರವಲ್ಲ ತಾಯಿ, ಅನ್ನದ ಮೇಲೆ ಸಾರು ಹಾಕು ಎನ್ನುವುದಕ್ಕೂ ನಾವು ಅದನ್ನೇ ಅನ್ನುತ್ತೇವೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಈಗ ನನ್ನ ಗೊಂದಲಕ್ಕೆ ಬರುತ್ತೇನೆ.

ತಂಡ ಡಲ್ಲಾಸಿಗೆ ಬಂದರೆ ನನ್ನ ಮನೆಯಿಂದ ಇಪ್ಪತ್ತು ನಿಮಿಷ. ಆಫೀಸಿನ ಲಿಂಗರಾಜು ಕಳೆದ ವಾರ ಕಾಫಿ ಯಂತ್ರದ ಬಳಿ ನನ್ನ ಕೈ ಕುಲುಕಿಯೇ ಬಿಟ್ಟ. ‘ಸಾರ್, ನೀವು ಟೀಮ್ ಹಿಂದೆ ಹೋಗ್ತಿದ್ರಿ, ಈಗ ಟೀಮೇ ನಿಮ್ಮ ಹಿಂದೆ ಬರ್ತಿದೆ! ಇನ್ಮೇಲೆ ಊಟ ಮುಗಿಸಿ ಚಪ್ಪಲಿ ಹಾಕ್ಕೊಂಡು ಹೋಗ್ಬಹುದು. ಒಂದು ಪಾರ್ಟಿ ಕೊಡಿಸಿ’ ಎಂದ. ಅವನ ಮಾತಿನಲ್ಲಿ ದೋಷವಿಲ್ಲ. ವಯಸ್ಸಾಯಿತು, ಕಣ್ಣು ಹಿಂದಿನಂತಿಲ್ಲ, ದಾರಿಯಲ್ಲಿ ವೇಕೋ ಬಳಿಯ ರಸ್ತೆ ಕಾಮಗಾರಿ ಮುಗಿಯುವ ಲಕ್ಷಣವಿಲ್ಲ. ಡಲ್ಲಾಸಿನ ಪರವಾಗಿ ಮೂರು ನಿಮಿಷವಲ್ಲ, ಮೂವತ್ತು ನಿಮಿಷ ಮಾತಾಡಬಲ್ಲೆ.

ಆಸ್ಟಿನ್ನಿನ ಪರವಾಗಿಯೂ ಮಾತಾಡಬಲ್ಲೆ. ಕಷ್ಟವಿರುವುದು ಅಲ್ಲೇ. ಮೈಸೂರಿನ ಆ ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ನಾವು ಚೀಟಿ ಎತ್ತಿ ಪಕ್ಷ ಆರಿಸಿಕೊಳ್ಳುತ್ತಿದ್ದೆವು. ಪರವೆಂದರೆ ಪರ, ವಿರೋಧವೆಂದರೆ ವಿರೋಧ. ಎದುರು ಪಕ್ಷದಲ್ಲಿದ್ದ ನೀನು ಸೋತ ಮೇಲೆ ನನ್ನ ಬಳಿ ಬಂದು ‘ಶೀಲ್ಡು ನಿಮ್ಮದು, ಒಪ್ಪಿದೆ. ಆದರೆ ಆಡಿದ ಮಾತು ನಿಮ್ಮದಾಗಿರಲಿಲ್ಲ’ ಎಂದೆ. ಅದಕ್ಕೇ ನಾನು ನಿನ್ನ ವಿಳಾಸ ಕೇಳಿದ್ದು. ಈಗಲೂ ಹಾಗೆಯೇ ಆಗಿದೆ. ಸೀಡರ್ ಪಾರ್ಕಿಗೆ ಹೋಗುವಾಗ ದಾರಿಯುದ್ದಕ್ಕೂ ಪರವಾದ ಭಾಷಣ ಕಟ್ಟುತ್ತೇನೆ, ಹಿಂದಿರುಗುವಾಗ ವಿರೋಧದ ಭಾಷಣ. ಎರಡೂ ಚೆನ್ನಾಗಿವೆ. ಎರಡರಲ್ಲಿಯೂ ನಾನಿಲ್ಲ. ತಂಡ ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದೇ ನನಗೆ ಇತ್ಯರ್ಥವಾಗುತ್ತಿಲ್ಲ. ಫಾರ್ಮರ್ಸ್ ಬ್ರಾಂಚಿನಲ್ಲಿ ಕುಳಿತರೆ ಅದು ಬರುತ್ತದೆ, ಆ ಸೀಟಿನಲ್ಲಿ ಕುಳಿತರೆ ಹೋಗುತ್ತದೆ.

ಹೀಗಿರುವಾಗ ನನ್ನ ಹೆಸರು ಅಲ್ಲಿ ಹೇಗೆ ಸೇರಿತು ಎಂದು ಕೇಳುತ್ತೀಯೆ. ಕಳೆದ ಆಟ ಮುಗಿದ ಮೇಲೆ ಸುಚೇತಾ ಪಾರ್ಕಿಂಗಿನಲ್ಲಿ ನನ್ನನ್ನು ಹಿಡಿದಳು. ತಂಡ ಉಳಿಸುವ ಓಡಾಟವೆಲ್ಲ ಅವಳದೇ. ‘ಅಂಕಲ್, ನೀವು ಕಾಲೇಜಿನಲ್ಲಿ ದೊಡ್ಡ ಡಿಬೇಟರ್ ಅಂತ ಮಿನ್ನಿ ಹೇಳ್ತಿದ್ದಳು, ನೀವು ಮಾತಾಡಿದರೆ ಅವರು ಕೇಳ್ತಾರೆ’ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಹೂಂ ಎನ್ನಲಾಗಲಿಲ್ಲ, ಉಹೂಂ ಎನ್ನಲೂ ಆಗಲಿಲ್ಲ. ಕಾರಿನ ಬಾಗಿಲು ತೆರೆದು, ಹೊರಡುವಾಗ ಯಾರಿಗಾದರೂ ಹೇಳುವಂತೆ, ‘ಬರ್ತೀನಮ್ಮಾ’ ಎಂದೆ. ಅವಳ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದುಕೊಂಡಳು. ಇಷ್ಟಕ್ಕೆ ಈ ಮಗು ಯಾಕೆ ಇಷ್ಟು ಸಂತೋಷಪಡುತ್ತದೆ ಎಂದುಕೊಂಡು ಬಂದೆ. ಮರುದಿನ ನೋಡಿದರೆ ಅವರ ಕರಪತ್ರದ ನೆತ್ತಿಯ ಮೇಲೆ ನನ್ನ ಹೆಸರು.

ನಾನು ಹೊರಡುತ್ತೇನೆ ಎಂದದ್ದು ಅವಳಿಗೆ, ನಾನು ಬರುತ್ತೇನೆ ಎಂದು ಕೇಳಿಸಿದೆ. ತಪ್ಪು ಅವಳದಲ್ಲ; ಪದದ ಅರ್ಥವನ್ನು ಅವಳು ಸರಿಯಾಗಿಯೇ ತಿಳಿದಿದ್ದಳು. ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎನ್ನಬಾರದು ಎಂಬುದನ್ನು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಶಾಲೆಯ ಬಸ್ಸು ಹಾರ್ನ್ ಮಾಡುತ್ತಿದ್ದರೂ ನೀನು ಮಗುವಿನ ಚೀಲ ಹಿಡಿದು ಬಾಗಿಲಲ್ಲೇ ನಿಲ್ಲಿಸಿಕೊಂಡು, ‘ಹೋಗ್ತೀನಿ ಅನ್ನಬೇಡ ಪುಟ್ಟಿ, ಬರ್ತೀನಿ ಅನ್ನು’ ಎನ್ನುತ್ತಿದ್ದೆ. ಆಮೇಲೆ ಅವಳ ಕನ್ನಡವೆಲ್ಲ ಒಂದೊಂದಾಗಿ ಉದುರಿಹೋಯಿತು. ಆ ಒಂದು ಮಾತು ಮಾತ್ರ ಉಳಿಯಿತು.

ಆ ಮಾತಿನ ಬಳಿ ಬಂದಾಗ ನನ್ನ ಪೆನ್ನು ನಿಂತಿತು, ಭಾನು. ನೀನೂ ಇಲ್ಲಿ ಓದುವುದನ್ನು ನಿಲ್ಲಿಸಿರಬಹುದು.

ಆ ದೀಪಾವಳಿಯ ವಾರಾಂತ್ಯ ಅವಳು ನನ್ನ ಮನೆಗೆ ಹೊರಟಿದ್ದಳು ಎಂದು ನಾನು ಹೇಳಿದೆ. ಹ್ಯೂಸ್ಟನ್ನಿನ ಮನೆಗೆ ಹೊರಟಿದ್ದಳು, ಚಕ್ಕುಲಿ ಕರಿದಿಟ್ಟಿದ್ದೇನೆ ಎಂದು ನೀನು ಹೇಳಿದೆ. ಹಿಂದಿನ ರಾತ್ರಿ ನಮ್ಮಿಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ಕೊನೆಯಲ್ಲಿ ‘ಬರ್ತೀನಿ’ ಎಂದಿದ್ದಳು. ಬೆಳಗಾಗುವಷ್ಟರಲ್ಲಿ ನಿದ್ರೆಯಲ್ಲೇ ಅವಳ ಹೃದಯ ನಿಂತಿತ್ತು. ಕಟ್ಟಿದ ಬ್ಯಾಗು ಬಾಗಿಲ ಬಳಿ ಇತ್ತು. ಅವಳನ್ನು ಕಳಿಸಿಕೊಟ್ಟು ಬಂದ ದಿನವೇ, ನೆಂಟರೆದುರಿಗೆ, ಅವಳು ಯಾರ ಮನೆಗೆ ಹೊರಟಿದ್ದಳೆಂದು ನಾವು ಕಿತ್ತಾಡಿದೆವು. ನಾನು ಕಾರಣಗಳನ್ನು ಜೋಡಿಸಿದೆ: ಅಭ್ಯಂಜನಕ್ಕೆ ಎಣ್ಣೆ ತಂದಿಟ್ಟಿದ್ದೆ, ಹಿಂದಿನ ಹಬ್ಬ ನಿನ್ನ ಸರದಿಯಾಗಿತ್ತು, ಫೋನ್ ಮಾಡಿದ್ದು ಮೊದಲು ನನಗೆ. ನೀನು ಎದ್ದು ನಿಂತು, ‘ತೀರ್ಪು ನಿಮ್ಮ ಕಡೆಗೇ ಇರಲಿ ರೀ, ಆ ಶೀಲ್ಡೂ ನೀವೇ ಇಟ್ಕೊಳ್ಳಿ. ನಾನು ಹೋಗ್ತೀನಿ’ ಎಂದೆ. ನಿನ್ನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಅಂದಿನಿಂದ ನೀನು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ನಿನ್ನ ಕ್ಲಿನಿಕ್ಕು, ನಿನ್ನ ಪುಟ್ಟ ರೋಗಿಗಳು. ನಾನು ಇಲ್ಲಿ ನನ್ನ ಕಚೇರಿ. ಕೆಲಸಕ್ಕಾಗಿ ಎರಡೂರಿನಲ್ಲಿದ್ದವರು, ವಾರಾಂತ್ಯಗಳನ್ನೂ ಕಳೆದುಕೊಂಡೆವು.

ನಿನ್ನೆ ಸುಚೇತಾಗೆ ಫೋನ್ ಮಾಡಿದೆ, ನನ್ನ ಹೆಸರನ್ನು ತೆಗೆಸಲು. ‘ಬಟ್ ಅಂಕಲ್, ನೀವು ಬರ್ತೀನಿ ಅಂದ್ರಲ್ಲ’ ಎಂದಳು, ಅಳುದನಿಯಲ್ಲಿ. ಆ ಮಾತಿನ ಪದ್ಧತಿಯನ್ನು ಅವಳಿಗೆ ವಿವರಿಸಿದೆ, ತರಗತಿಯಲ್ಲಿ ಪಾಠ ಹೇಳುವಂತೆ. ಅವಳು ಮೊದಲು ನಕ್ಕಳು. ಆಮೇಲೆ ಏನನ್ನೋ ಹೇಳಿದಳು. ಅದನ್ನು ಕೇಳಿದ ಮೇಲೆ ಹೆಸರು ತೆಗೆ ಎಂದು ಹೇಳುವುದು ನನ್ನಿಂದಾಗಲಿಲ್ಲ. ಅದು ಏನೆಂಬುದನ್ನು ಈ ಪುಟದಲ್ಲಿ ಬರೆಯಲು ಧೈರ್ಯ ಸಾಲುತ್ತಿಲ್ಲ.

ಆದ್ದರಿಂದ ನಾನು ಸಭೆಗೆ ಹೋಗುತ್ತೇನೆ. ಏನು ಮಾತಾಡಬೇಕೋ ಈಗಲೂ ತಿಳಿಯದು. ಕಟ್ಟಿದ ಎರಡೂ ಭಾಷಣಗಳನ್ನು ಕೈಬಿಟ್ಟಿದ್ದೇನೆ. ತಂಡವನ್ನು ಬಸ್ಸಿನಲ್ಲಿ ಕೂರಿಸಿ ಡಲ್ಲಾಸಿಗೆ ತರಬಹುದು. ಹುಡುಗಿಯರು ಅವರೇ, ಅಂಗಿಯ ಬಣ್ಣ ಅದೇ. ಆದರೆ ಆ ಸಾಲನ್ನು ತರಲಾಗದು. ಇಲ್ಲಿ ನನ್ನ ಮನೆ ಬಾಗಿಲಲ್ಲೇ ಆಟ ನಡೆದರೂ, ಚೆಂಡು ಮೇಲೇರಿದಾಗ ‘ಹಾಕೂ’ ಎನ್ನುವವರು ಯಾರೂ ಇರುವುದಿಲ್ಲ. ಇದು ವಾದವಲ್ಲವೆಂದು ನನಗೂ ಗೊತ್ತು. ಯಾವ ತೀರ್ಪುಗಾರನೂ ಇದಕ್ಕೆ ಅಂಕ ಕೊಡುವುದಿಲ್ಲ. ಮಾಲೀಕ ಇದನ್ನು ಕೇಳಿ ತಂಡವನ್ನು ಉಳಿಸಿಕೊಳ್ಳುತ್ತಾನೆಂಬ ಭ್ರಮೆಯೂ ನನಗಿಲ್ಲ. ಆದರೂ ಇಷ್ಟನ್ನೇ ಹೇಳಿ ಕೂರಬೇಕೆಂದಿದ್ದೇನೆ. ಮೂರು ನಿಮಿಷದಲ್ಲಿ ಎರಡು ಉಳಿದರೆ ಉಳಿಯಲಿ.

ನೀನು ಸಭೆಗೆ ಬರಬೇಕೆಂದಿಲ್ಲ. ಸಂಜೆಯ ಆಟಕ್ಕೆ ಮಾತ್ರ ಬಾ. ಆ ಖಾಲಿ ಸೀಟಿನ ಮೇಲೆ ಡೊಲೋರೆಸ್ ತನ್ನ ಕೋಟನ್ನು ಹಾಕಿ, ಕೇಳಿದವರಿಗೆಲ್ಲ ‘ಆಳಿದ್ದಾರೆ’ ಎನ್ನುತ್ತಾಳೆ. ಕೋಟು ತೆಗೆಯುವಂತೆ ನಾನು ಆಕೆಗೆ ಹೇಳುತ್ತೇನೆ. ಬಾರದಿದ್ದರೂ ನಾನು ಕಾರಣ ಕೇಳುವುದಿಲ್ಲ. ಕೇಳಿದರೆ ಮತ್ತೆ ವಾದಕ್ಕಿಳಿಯುತ್ತೇನೆ.

ಆರೋಗ್ಯ ನೋಡಿಕೋ. ಊರಿನ ಮಕ್ಕಳಿಗೆಲ್ಲ ಔಷಧಿ ಬರೆಯುವವಳು ನಿನ್ನ ಮಂಡಿನೋವಿಗೆ ಮಾತ್ರ ಏನೂ ಮಾಡುವುದಿಲ್ಲ.

ಪಕ್ಷ ತಿಳಿಯದೆ ವೇದಿಕೆ ಏರುತ್ತಿರುವ,
ನಿನ್ನ
ಭಾಸ್ಕರ

ಮರೆತದ್ದು: ಮರೆತದ್ದಲ್ಲ, ಮುಂದೂಡಿದ್ದು. ಸುಚೇತಾ ಹೇಳಿದ್ದು ಇದು. ‘ಅಂಕಲ್, ಹಾಗಾದರೆ ಮಿನ್ನಿ ಪ್ರತಿ ಫೋನಿನ ಕೊನೆಯಲ್ಲೂ ಅದನ್ನೇ ಹೇಳ್ತಿದ್ದಳಲ್ಲ, ಅದು ಬರೀ ಬೈ ಅಂತಾನಾ? ಎಲ್ಲಿಗೆ ಬರ್ತೀಯ ಅಂತ ನಾನು ತಮಾಷೆ ಮಾಡ್ತಿದ್ದೆ.’ ಆ ದೀಪಾವಳಿಯ ಶನಿವಾರ ಕೊಕ್ಕರೆಗಳಿಗೆ ಟಲ್ಸಾದಲ್ಲಿ ಆಟವಿತ್ತು. ಇಬ್ಬರೂ ಕೂಡಿ ಅಲ್ಲಿಗೆ ಹೊರಟಿದ್ದರು. ಹಬ್ಬವನ್ನು ಮುಂದಿನ ವಾರ ಎಲ್ಲರೂ ಒಟ್ಟಿಗೆ ಮಾಡಿದರಾಯಿತು ಎಂದುಕೊಂಡಿದ್ದಳಂತೆ. ಆ ಬ್ಯಾಗು ನನ್ನ ಮನೆಗಾಗಿಯೂ ಅಲ್ಲ, ನಿನ್ನ ಮನೆಗಾಗಿಯೂ ಅಲ್ಲ. ನೀನು ಕಲಿಸಿದಂತೆ, ಬಾಗಿಲಲ್ಲಿ ನಿಂತು ನಮಗೆ ಹೇಳಬೇಕಾದ್ದನ್ನು ಹೇಳಿ ಹೊರಟಿದ್ದಳು. ನಾವಿಬ್ಬರೂ ಸೋತೆವು, ಭಾನು. ಇದನ್ನು ತಿಳಿದ ಮೇಲೆ ನನಗೆ ದುಃಖವಾಗಬೇಕೋ ಹಗುರವಾಗಬೇಕೋ ಗೊತ್ತಾಗಲಿಲ್ಲ. ಅಡುಗೆಮನೆಗೆ ಹೋಗಿ ಆ ಎಣ್ಣೆಯ ಶೀಶೆಯನ್ನು ನೋಡುತ್ತಾ ನಿಂತೆ. ಅದು ಇನ್ನೂ ಅಲ್ಲೇ ಇದೆ.

ಹದಿನೇಳರ ಶುಕ್ರವಾರ ಸಂಜೆ ಮಿಸೌರಿ ಸಿಟಿಗೆ ಬರ್ತೀನಿ. ಇದು ಹೊರಡುವವನು ಹೇಳುವ ಮಾತಲ್ಲ. ಬರ್ತೀನಿ.