ಫಕ್ಕೀರವ್ವಜ್ಜಿ ಆರಿಸಬೇಕಾದ ಕಲ್ಲು

ಗುಡಿ ಮೇಲೇರಿದ ನೂರ ತೊಂಬತ್ತೊಂದನೇ ವರ್ಷ, ಎರಡನೇ ಬೇಸಿಗೆಯ ಮೂವತ್ತೆಂಟನೇ ದಿನ

ಫಕ್ಕೀರವ್ವಜ್ಜಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಬಾಳವ್ವ ಮಾಡುವ ಶರಣು.

ಮೂರು ದಿನದಿಂದ ಒಂದೇ ಕೆಟ್ಟ ಕನಸು ಬೀಳುತ್ತಿದೆ. ದೊಡ್ಡ ಗೋಡೆಯೊಂದರ ಮುಂದೆ ನಿಂತಿರುತ್ತೇನೆ. ಅದರ ಕಲ್ಲುಗಳೆಲ್ಲ ನನಗೆ ಬೆನ್ನು ಮಾಡಿ ಕೂತಿರುತ್ತವೆ, ಮದುವೆಮನೆಯಲ್ಲಿ ಮುನಿಸಿಕೊಂಡ ಹೆಂಗಸರ ಹಾಗೆ. ಯಾರನ್ನು ಕರೆಯಬೇಕೋ ಗೊತ್ತಾಗುವುದಿಲ್ಲ. ಬಾಯಿ ತೆರೆದರೆ ಒಳಗೆಲ್ಲ ಗಾರೆ. ಎದ್ದ ಮೇಲೆ ಹೆದರಿಕೆಯೂ ಆಗುವುದಿಲ್ಲ, ಅದೇ ನನಗೆ ಚಿಂತೆ. ಎಲ್ಲದಕ್ಕೂ ಹೆದರುವವಳು ನಾನು. ಒಲೆ ಆರಿಸಿದೆನೋ ಇಲ್ಲವೋ ಅಂತ ಮೂರು ಸಲ ತಿರುಗಿ ಬರುವವಳು. ಈಗ ಒಳಗೆ ಏನೂ ಅಲುಗುತ್ತಿಲ್ಲ.

ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಕಲಿತದ್ದು ದೋಣಿಶಾಲೆಯಲ್ಲಿ, ಅದೂ ಮೂರೇ ವರ್ಷ. ಶಾಲೆಯೇ ದೋಣಿಯಲ್ಲಿ ಊರೂರಿಗೆ ಬರುತ್ತಿತ್ತು. ನಾಲ್ಕನೇ ವರ್ಷ ಹಿನ್ನೀರು ಬತ್ತಿ ಕೆಸರಾಯಿತು, ದೋಣಿ ಬರಲಿಲ್ಲ, ನನ್ನ ಓದು ಅಲ್ಲಿಗೇ ನಿಂತಿತು. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಹಿರಿಯರು ಬದುಕಿದ್ದ ಕಾಲಕ್ಕೆ ಬರೆಯುವ ಅಂಚೆ ಅದು. ಏಳುಗುಡಿಯ ಬಾಗಿಲಲ್ಲಿ ಒಂದು ಕಲ್ಲಿನ ತೊಟ್ಟಿ ಇದೆ, ಅದರ ಸೀಳಿನೊಳಗೆ ಬಿಡುವುದು. ತಲುಪುತ್ತದೆ ಅಂತ ಕೆಲವರು, ಇಲಿ ತಿನ್ನುತ್ತದೆ ಅಂತ ಕೆಲವರು. ನಿಮಗೆ ಓದಲು ಬಾರದಿದ್ದರೆ ನಂಬಿಕಸ್ಥರಿಂದ ಓದಿಸಿ. ಮೇಸ್ತ್ರಿಯ ಕೈಗೆ ಮಾತ್ರ ಕೊಡಬೇಡಿ, ನಗುತ್ತಾನೆ.

ನನ್ನ ಅಕ್ಕ ನೀಲಗಂಗಾಳಿಗೆ ಬಿಳಿಗಣ್ಣು ಬಂದಿದೆ. ಹಿನ್ನೀರು ಬತ್ತಿದ ಕಡೆ ನೆಲದ ಮೇಲೆ ಉಪ್ಪು ಕಟ್ಟಿದೆ. ಆ ಉಪ್ಪು ಕೆರೆದು ಬದುಕುವವರು ನಾವು. ಬಿಸಿಲು ಮೇಲಿಂದಲೂ ಹೊಡೆಯುತ್ತದೆ, ಉಪ್ಪಿನಿಂದ ಚಿಮ್ಮಿ ಕೆಳಗಿನಿಂದಲೂ ಹೊಡೆಯುತ್ತದೆ. ಹತ್ತು ವರ್ಷ ಕೆರೆದವರ ಕಣ್ಣು ಹಾಲಿನಂತಾಗುತ್ತದೆ. ಅಕ್ಕನಿಗೆ ಈಗ ಕಾಣುವುದು ನೆರಳು, ಬೆಳಕು, ಅಷ್ಟೇ. ಈ ಬೇಸಿಗೆ ಕಳೆಯುವಷ್ಟರಲ್ಲಿ ಅದೂ ಇರುವುದಿಲ್ಲ ಅಂದರು ಡಾಕ್ಟರು. ಅಕ್ಕ ಅಳಲಿಲ್ಲ. "ಬಾಳಿ, ಬೆಳಕರೆ ಇರೂದ್ರೊಳಗ ನನ್ನ ಅಜ್ಜಿ ಕಲ್ಲಿಗೆ ಕರಕೊಂಡು ಹೋಗು. ಮತ್ತೇನೂ ಕೇಳಂಗಿಲ್ಲ ನಿನಗ" ಅಂದಳು.

ಅಜ್ಜಿ ಕಲ್ಲು ಅಂದರೆ ನಿಮ್ಮ ಕಲ್ಲು. ಅಣೆಕಟ್ಟಿನ ನೀರು ಏರಿ ಬಂದಾಗ ಏಳು ಗುಡಿಗಳನ್ನೂ ಬಿಚ್ಚಿ, ಕಲ್ಲು ಕಲ್ಲಿಗೂ ಬಣ್ಣದಲ್ಲಿ ಅಂಕಿ ಬರೆದು, ದಿಣ್ಣೆಯ ಮೇಲೆ ತಿರುಗಿ ಕಟ್ಟಿದವರಲ್ಲಿ ನೀವೂ ಒಬ್ಬರು. ಕೆಲಸದವರು ತಮಗೆ ಬೇಕಾದ ಒಂದೊಂದು ಕಲ್ಲಿಗೆ ಒಂದೊಂದು ಗುರುತು ಕಡಿದರು, ನೀವು ಗುಬ್ಬಿ ಕಾಲು ಕಡಿದಿರಿ, ಮೂರು ಬೆರಳಿನದು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ತೊಟ್ಟಿಲಲ್ಲೇ ಹೇಳುವ ಮಾತು ಇದು. ನಮ್ಮವ್ವ ಹೋಗಬೇಕು ಹೋಗಬೇಕು ಅನ್ನುತ್ತಲೇ ಹೋಗಲಿಲ್ಲ. ಅವರವ್ವನೂ ಹಾಗೆಯೇ. ಯಾರೂ ನೋಡಿದವರಿಲ್ಲ.

ಹೊರಟೆವು. ನೆರಳುಬಂಡಿಯಲ್ಲಿ ನಾಲ್ಕು ದಿನದ ದಾರಿ. ಮೇಲೆ ದಪ್ಪ ಜಮಖಾನ ಕಟ್ಟಿದ ಬಂಡಿ ಅದು, ಬಿಸಿಲು ಏರಿದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಆಗ ಎಲ್ಲರೂ ತಂಗುಬಾವಿಗೆ ಇಳಿಯಬೇಕು. ನೀರಿಲ್ಲದ ಹಳೆಯ ಬಾವಿ, ಮೆಟ್ಟಿಲ ಮೇಲೆ ಚಾಪೆ. ಕೆಳಗಿನ ಮೆಟ್ಟಿಲು ತಂಪು ಅಂತ ಜಗಳ ಆಗುತ್ತದೆ. ಕಟಕ ಸಜ್ಜಿ ರೊಟ್ಟಿ, ಅಗಸಿ ಹಿಂಡಿ, ಒಬ್ಬರಿಗೆ ಒಂದು ಚೊಂಬು ನೀರು. ನಾನು ದಾರಿಯುದ್ದಕ್ಕೂ ಕಲ್ಲು ಮುಟ್ಟುವ ಪರವಾನಗಿ ಚೀಟಿ ತೆಗೆದು ನೋಡುವುದು, ಮಡಿಸುವುದು, ಮತ್ತೆ ತೆಗೆಯುವುದು. ಎದುರು ಕೂತ ಮುದುಕಿ ನೋಡಿ ನೋಡಿ ಸಾಕಾಗಿ, "ಏ ತಂಗಿ, ಅದೇನು ತತ್ತಿ ಏನ? ಅಷ್ಟು ಕಾವು ಕೊಟ್ರ ಮರಿ ಹೊಂಟೀತು" ಅಂದಳು. ಬಂಡಿ ತುಂಬ ನಗು. ಅಕ್ಕನೂ ನಕ್ಕಳು. ನಾಲ್ಕು ದಿನದಲ್ಲಿ ಅದೊಂದೇ ಸಲ.

ಏಳುಗುಡಿ ನಾನು ತಿಳಿದಷ್ಟು ದೊಡ್ಡದಲ್ಲ. ಕೆಂಪು ಕಲ್ಲು, ಸುತ್ತ ಹಗ್ಗ. ಹಗ್ಗ ದಾಟಿ ಹೋಗುವವರಿಗೆ ಉಸಿರುಬಟ್ಟೆ ಕೊಡುತ್ತಾರೆ, ಮೂಗು ಬಾಯಿಗೆ ಕಟ್ಟಿಕೊಳ್ಳಬೇಕು. ಜನರ ಉಸಿರಿನ ಪಸೆಗೆ ಕಲ್ಲು ಪುಡಿಯಾಗುತ್ತದಂತೆ. ಗೋಡೆ ಮುಟ್ಟಲು ಎಲ್ಲರಿಗೂ ಬಿಡುವುದಿಲ್ಲ. ಕಲ್ಲು ಹೊತ್ತವರ ಮನೆತನಕ್ಕೆ ಮಾತ್ರ, ನಾಲ್ಕನೇ ಗುಡಿಯ ತೆಂಕಣ ಗೋಡೆ ಮಾತ್ರ, ಅದೂ ಒಮ್ಮೆ ಮಾತ್ರ. ಅಕ್ಕ ಕೈ ತೊಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು, ಬೇರೇನನ್ನೂ ಮುಟ್ಟಬಾರದು ಅಂತ.

ಅವಳನ್ನು ಕಂಬದ ನೆರಳಲ್ಲಿ ಕೂರಿಸಿ ನಾನು ಮೊದಲು ಹುಡುಕಲು ಹೋದೆ. ಆ ಗೋಡೆಯನ್ನು ಎರಡು ಸಲ ನೋಡಿದೆ. ಗುಬ್ಬಿ ಕಾಲು ಇಲ್ಲ. ಯಾವ ಗುರುತೂ ಇಲ್ಲ. ಕಾವಲಿನ ಯಮನೂರಪ್ಪ ಅನ್ನುವವರು ದೂರದಿಂದಲೇ ನೋಡುತ್ತಿದ್ದರು.

"ಏನವ್ವಾ, ಯಾವ ಗುರುತು ಹುಡುಕಾಕತ್ತಿ? ಮೀನೋ, ಆಮಿಯೋ?"

"ಗುಬ್ಬಿ ಕಾಲ್ರೀ."

"ಸಿಗಂಗಿಲ್ಲ ಬಿಡವ್ವ. ಗುರುತು ಕಡಿದವರು ಶಾಣ್ಯಾರು. ದೇವರ ಗೋಡಿಗೆ ಚೆಂದ ಕೆಡಬಾರದು ಅಂತ ಮ್ಯಾಲಿನ ಮೈಗೆ ಕಡಿದ್ರು. ಅದರ ಮ್ಯಾಲೆ ಗಾರಿ, ಗಾರಿ ಮ್ಯಾಲೆ ಇನ್ನೊಂದು ಕಲ್ಲು. ಎಲ್ಲಾರ ಕಲ್ಲೂ ಇಲ್ಲೇ ಅದಾವು, ಯಾರದೂ ಕಾಣಂಗಿಲ್ಲ. ಗುಡಿ ಬಿಚ್ಚಿದ್ರ ಮಾತ್ರ ಕಂಡಾವು."

ದಿನಾ ಹೇಳಿ ಹೇಳಿ ಸವೆದ ಮಾತು ಅದು. ಅವರ ತಪ್ಪಲ್ಲ.

ನಾನು ತಿರುಗಿ ಬಂದೆ. ಅಕ್ಕ ಮುಖ ಎತ್ತಿ, "ಸಿಕ್ಕಿತೇನ?" ಅಂದಳು. ಹೂಂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ ಅಜ್ಜಿ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಅವಳ ಕೈ ಹಿಡಿದು ನಡೆಸಿಕೊಂಡು ಹೋಗಿ, ಕೈಗೆ ಎಟುಕಿದ ಒಂದು ಕಲ್ಲಿನ ಮೇಲೆ ಅಂಗೈ ಇಡಿಸಿದೆ. ಅವಳು ಬೆರಳಾಡಿಸಿ ಆಡಿಸಿ, "ಗುರುತು ಎಲ್ಲೈತಿ?" ಅಂದಳು. ಸವೆದುಹೋಗಿದೆ ಅಕ್ಕ, ಅಂದೆ. ಅವಳು ಉಸಿರುಬಟ್ಟೆ ಸರಿಸಿ ಕಲ್ಲಿಗೆ ಕೆನ್ನೆ ಹಚ್ಚಿದಳು. ಯಮನೂರಪ್ಪ ಎರಡು ಹೆಜ್ಜೆ ಬಂದವರು ನಿಂತರು, ಆಮೇಲೆ ಹಗ್ಗದ ಗಂಟು ನೋಡುವವರಂತೆ ಆ ಕಡೆ ತಿರುಗಿದರು. "ಇದ ಖರೆ ಬಾಳಿ. ತಣ್ಣಗೈತಿ" ಅಂದಳು ಅಕ್ಕ. ಬಿಸಿಲು ಇನ್ನೂ ಏರಿರಲಿಲ್ಲ, ಅಲ್ಲಿನ ಕಲ್ಲೆಲ್ಲ ತಣ್ಣಗೇ ಇದ್ದವು.

ಅವತ್ತಿನಿಂದ ಅಕ್ಕ ಚೆನ್ನಾಗಿದ್ದಾಳೆ. ತಿರುಗಿ ಹೋಗುವ ಬಂಡಿ ನಾಳೆ, ಈಗ ಏಳುಗುಡಿಯ ಪಕ್ಕದ ತಂಗುಬಾವಿಯಲ್ಲಿ ಮಲಗಿದ್ದಾಳೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಾಳೆ. ಸಂತೋಷವೂ ಇಲ್ಲ ಪಾಪ ಅನ್ನಿಸುವುದೂ ಇಲ್ಲ ನನಗೆ, ಉಪ್ಪಿನಲ್ಲಿ ಬಹಳ ಹೊತ್ತು ನಿಂತ ಕಾಲಿನ ಹಾಗೆ. ಊರಿಗೆ ಹೋದ ಮೇಲೆ ಅವಳು ಎಲ್ಲರಿಗೂ ಹೇಳುತ್ತಾಳೆ, ಅಜ್ಜಿ ಕಲ್ಲು ಮುಟ್ಟಿ ಬಂದೆ ಅಂತ. ಸಾಯುವತನಕ ಹೇಳುತ್ತಾಳೆ. ಸುಳ್ಳು ಅಂತ ಬಲ್ಲವಳು ನಾನೊಬ್ಬಳು ಪಕ್ಕದಲ್ಲಿ ಕೂತಿರುತ್ತೇನೆ.

ಅದಕ್ಕೇ ಬರೆಯುತ್ತಿದ್ದೇನೆ. ನೀವು ಇದನ್ನು ಕೇಳುವಾಗ ಕಲ್ಲುಗಳು ಇನ್ನೂ ನೆಲದ ಮೇಲೆ ಬಿದ್ದಿರಬೇಕು. ನೀವು ಇನ್ನೂ ಆರಿಸಿಲ್ಲ ಅಂದುಕೊಂಡಿದ್ದೇನೆ. ಗುರುತನ್ನು ಹೊರಗೆ ಕಡಿಯಿರಿ ಅಂತ ಕೇಳುವುದಿಲ್ಲ, ನಿಮ್ಮ ಪದ್ಧತಿ ನಿಮಗೆ. ಕಲ್ಲನ್ನು ಮಾತ್ರ ನಾನು ಹೇಳಿದ್ದನ್ನೇ ಆರಿಸಿ. ನಾಲ್ಕನೇ ಗುಡಿ, ತೆಂಕಣ ಗೋಡೆ, ಜಾಲರಿ ಕಿಟಕಿಗೆ ತಾಗಿದ ಕಲ್ಲು, ನೆಲದಿಂದ ನಾಲ್ಕನೇ ಸಾಲು. ಅಡಿಯ ದಪ್ಪ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದರ ಮೇಲಿನಿಂದ ನಾಲ್ಕು. ಎರಡು ಸಲ ಎಣಿಸಿದ್ದೇನೆ. ಮೂಲೆಯಲ್ಲಿ ಉಗುರು ಹೊಗುವಷ್ಟು ಕುಳಿ ಇದೆ, ಆದರೆ ಅದು ನಿಮ್ಮ ಕಾಲದಲ್ಲಿ ಇತ್ತೋ ಆಮೇಲೆ ಬಿದ್ದದ್ದೋ, ಅದನ್ನು ನಂಬಬೇಡಿ. ಬಣ್ಣದಲ್ಲಿ ಅಂಕಿ ಬರೆದವರನ್ನೇ ಕೇಳಿ.

ಕಿಟಕಿಗೆ ಎರಡು ಕಡೆಯೂ ಅಂಥದೇ ಕಲ್ಲಿದೆ. ಅಕ್ಕ ಕೈ ಇಟ್ಟದ್ದು ಎಡದ್ದಕ್ಕೆ. ಒಳಗಿನಿಂದ ನೋಡಿದರೆ ಬರುವ ಎಡ ಅಲ್ಲ, ಹೊರಗೆ ನಿಂತು ಗೋಡೆಗೆ ಮುಖ ಮಾಡಿದವರ ಎಡ. ಉಳಿ ಇಡುವ ಮೊದಲು ಅದೊಂದನ್ನು ಇನ್ನೊಮ್ಮೆ ನೋಡಿ, ಅಜ್ಜಿ.